ಏನಕ್ಕಾ, ಕುಡಿ

ಬ್ರೇಕು ಒತ್ತಿದರೆ ಗಾಡಿ ನಿಲ್ಲಬೇಕು. ನನ್ನ ಕಾರೂ ನಿಲ್ಲುತ್ತಿತ್ತು. ಆದರೆ ನಿಲ್ಲುವ ಮೊದಲು, ಎಡಗಡೆ ಏನಿದೆ ಎಂದು ಒಮ್ಮೆ ಹೋಗಿ ನೋಡಿಕೊಂಡು ನಿಲ್ಲುತ್ತಿತ್ತು.

ಮೊದಮೊದಲು ಒಂದು ಗೇಣಷ್ಟು ಎಳೆಯುತ್ತಿತ್ತು. ನಾನು ರಸ್ತೆಯದೇ ತಪ್ಪು ಎಂದುಕೊಂಡೆ. ರಸ್ತೆಯ ಮೇಲೆ ಎಷ್ಟು ತಪ್ಪು ಹೊರಿಸಿದರೂ ಅದು ಎದುರು ಮಾತಾಡುವುದಿಲ್ಲ. ಆಮೇಲೆ ಟೈರಿನ ಗಾಳಿ ಎಂದುಕೊಂಡು ಗಾಳಿ ಹೊಡೆಸಿದೆ. ಅದೂ ಅಲ್ಲ. ಆಮೇಲೆ ಆಗೊಮ್ಮೆ ಈಗೊಮ್ಮೆ ಮುಂದಿನ ಸೀಟಿನಲ್ಲಿ ಎಡಗಡೆ ಕೂರುವ ನಮ್ಮೂರಿನ ನಾಗಕ್ಕನ ತೂಕ ಎಂದುಕೊಂಡೆ. ಅದನ್ನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ.

ಕಾರು ಹಳೆಯದು. ಬಿಳಿ ಬಣ್ಣದ್ದು ಎಂದು ಕಾಗದದಲ್ಲಿ ಬರೆದಿದೆ, ನಾವೂ ಹಾಗೇ ನಂಬಿದ್ದೇವೆ. ಪಾವಗಡದ ಮೆಕ್ಯಾನಿಕ್ ಕದರಪ್ಪನಿಂದ ತಂದದ್ದು. ಶಿರಾದ ಗ್ಯಾರೇಜಿನವರು ಈ ವಯಸ್ಸಿನ ಗಾಡಿ ಕಂಡರೆ ದೊಡ್ಡದಾಗಿ ಸಲಾಂ ಹೊಡೆದು ಪಕ್ಕದ ಗ್ಯಾರೇಜು ತೋರಿಸುತ್ತಾರೆ. ಆದ್ದರಿಂದ ಏನೇ ಕೆಟ್ಟರೂ ಕದರಪ್ಪನೇ ಗತಿ.

ನಾನು ಶಿರಾದಲ್ಲಿ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ನರ್ಸು. ನಮ್ಮೂರು ಹುಲಿಕುಂಟೆಯಿಂದ ಇನ್ನೂ ಒಳಗೆ. ಬಸ್ಸು ಬರುತ್ತದೆ, ಆದರೆ ಅದಕ್ಕೂ ಸ್ಕೂಲಿನ ಬೆಲ್ಲಿಗೂ ಮಾತುಕತೆ ಇಲ್ಲ. ಅದಕ್ಕೇ ಊರಿನ ಕೆಲವು ಮನೆಯವರು ಸೇರಿ ಒಂದು ಒಪ್ಪಂದ ಮಾಡಿಕೊಂಡಿದ್ದೆವು. ಪೆಟ್ರೋಲು ಎಲ್ಲರದು, ಕಾರು ಮತ್ತು ಸೊಂಟನೋವು ನನ್ನದು. ನನ್ನ ಮಗಳ ಜೊತೆ ಅವರ ಮಕ್ಕಳನ್ನೂ ತುಂಬಿಕೊಂಡು ಹೋಗಿ ಶಿರಾದ ಸ್ಕೂಲಿಗೆ ಬಿಡುವುದು, ಸಂಜೆ ತುಂಬಿಕೊಂಡು ಬರುವುದು. ಆ ಮಕ್ಕಳು ಹತ್ತದಿದ್ದರೆ ಪೆಟ್ರೋಲಿಲ್ಲ. ಪೆಟ್ರೋಲಿಲ್ಲದಿದ್ದರೆ ಕಾರಿಲ್ಲ. ಕಾರಿಲ್ಲದಿದ್ದರೆ ನನ್ನ ಕೆಲಸವೂ ಇಲ್ಲ, ಮಗಳಿಗೆ ಆ ಸ್ಕೂಲೂ ಇಲ್ಲ. ನಮ್ಮ ಸಂಸಾರ ನಾಲ್ಕು ಚಕ್ರದ ಮೇಲೆ ಕೂತಿತ್ತು. ಅದರಲ್ಲಿ ಒಂದು ಕೈಕೊಟ್ಟಿತ್ತು, ಯಾವುದೆಂದು ಮಾತ್ರ ಗೊತ್ತಿರಲಿಲ್ಲ.

ನಾಗಕ್ಕನ ವಿಷಯ ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ಅವರ ಮೊಮ್ಮಗಳು ನನ್ನ ಕಾರಿನಲ್ಲೇ ಸ್ಕೂಲಿಗೆ ಹೋಗುವುದು. ಊರಿನ ಮಹಿಳಾ ಸಂಘಕ್ಕೆ ನಾಗಕ್ಕ ಅಧ್ಯಕ್ಷೆ. ಹಿಂದೊಮ್ಮೆ ಊರಾಚೆ ಯಾರೋ ಕದ್ದು ಸಾರಾಯಿ ಮಾರಲು ಗುಡಿಸಲು ಹಾಕಿದಾಗ ಹೆಂಗಸರನ್ನೆಲ್ಲ ಕಟ್ಟಿಕೊಂಡು ಹೋಗಿ, ಕುರಿ ಕಾಯುವ ಕೋಲಿನಲ್ಲೇ ಒಳಗಿದ್ದ ಸೀಸೆಗಳನ್ನೆಲ್ಲ ಪುಡಿ ಮಾಡಿದವರು. ಆ ದಿನದಿಂದ ನಮ್ಮೂರಿನಲ್ಲಿ ಗಂಡಸರು ಕೆಮ್ಮಿನ ಔಷಧಿ ತಂದರೂ ಮೊದಲು ನಾಗಕ್ಕನಿಗೆ ತೋರಿಸಿ ಆಮೇಲೆ ಮುಚ್ಚಳ ತೆಗೆಯುತ್ತಾರೆ. ಅವರ ಗಂಡ ಕ್ಯಾತಣ್ಣ ಕುರಿ ಮೇಯಿಸುವವರು, ಮೆತ್ತನೆಯ ಮನುಷ್ಯ. ಮನೆಯಲ್ಲಿ ಮಾತು ನಾಗಕ್ಕನದು, ‘ಹೂಂ’ ಅನ್ನುವುದು ಕ್ಯಾತಣ್ಣನದು. ಸೊಸೆ ರಾಮಾಂಜಿನಮ್ಮ ಪಾವಗಡದ ಕಡೆಯವಳು, ಬಾಯಿ ತೆಗೆಯುವುದೇ ಕಡಿಮೆ.

ಆ ಶನಿವಾರ ನಾಗಕ್ಕ ಬ್ಯಾಂಕಿನ ಕೆಲಸಕ್ಕೆಂದು ಶಿರಾಕ್ಕೆ ಬಂದಿದ್ದರು. ಮಧ್ಯಾಹ್ನ ಸ್ಕೂಲು ಬಿಟ್ಟ ಮೇಲೆ ಮಕ್ಕಳನ್ನು ಹಿಂದೆ, ನಾಗಕ್ಕನನ್ನು ಮುಂದೆ ಕೂರಿಸಿಕೊಂಡು ಹೊರಟೆ. ದಾರಿಯಲ್ಲಿ ಕುರಿಮಂದೆಯೊಂದು ರಸ್ತೆ ದಾಟುತ್ತಿತ್ತು. ಬ್ರೇಕು ಒತ್ತಿದೆ. ಕಾರು ಎಡಕ್ಕೆ ಒಂದು ಮಾರು ಹಾರಿ, ರಸ್ತೆ ಬಿಟ್ಟು, ಮಣ್ಣಿನಲ್ಲಿ ಧೂಳೆಬ್ಬಿಸಿ, ಲಾಂಟಾನ ಪೊದೆಗೆ ಮೂತಿ ಇಟ್ಟು ನಿಂತಿತು. ಕುರಿಗಳು ಒಮ್ಮೆ ನಮ್ಮನ್ನು ನೋಡಿ, ಇದು ನಮಗಿಂತ ದಡ್ಡ ಪ್ರಾಣಿ ಎಂದು ತಿಳಿದು ಮುಂದಕ್ಕೆ ಹೋದವು.

“ಏನವ್ವಾ ಮಂಗಳಗೌರಿ, ನಿದ್ದೆ ಗಿದ್ದೆ ಮಾಡ್ತಿದ್ದೀಯೇನೇ?” ಎಂದರು ನಾಗಕ್ಕ, ಸೆರಗು ಸರಿ ಮಾಡಿಕೊಳ್ಳುತ್ತ.

“ಇಲ್ಲ ನಾಗಕ್ಕ, ಬ್ರೇಕು.”

“ಬ್ರೇಕಾದ್ರೆ ನಿಂತ್ಕೋಬೇಕಪ್ಪ. ಇದ್ಯಾಕೆ ಬೇಲಿಗ್ ನುಗ್ತದೆ?”

ಇಳಿದು ಬಾನೆಟ್ ಎತ್ತಿ ನೋಡಿದೆ. ಬ್ರೇಕ್ ಆಯಿಲಿನ ಡಬ್ಬಿಯಲ್ಲಿ ಆಯಿಲು ಗೆರೆಗಿಂತ ಕೆಳಗಿಳಿದಿತ್ತು. ಎಲ್ಲೋ ಸೋರುತ್ತಿದೆ ಎಂದು ಅಷ್ಟು ಮಾತ್ರ ತಿಳಿಯಿತು. ಕದರಪ್ಪನಿಗೆ ಫೋನು ಹಚ್ಚಿದೆ. ನನ್ನ ಫೋನಿನ ಕಿವಿ ಕೆಟ್ಟು ತಿಂಗಳುಗಳೇ ಆಗಿವೆ, ಸ್ಪೀಕರಿನಲ್ಲಿಟ್ಟರೆ ಮಾತ್ರ ಕೇಳುತ್ತದೆ. ಹಾಗಾಗಿ ನನ್ನ ಯಾವ ಮಾತೂ ಗುಟ್ಟಲ್ಲ. ಫೋನನ್ನು ಬಾನೆಟ್ಟಿನ ಪಕ್ಕ ಇಟ್ಟೆ. ನಾಗಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

“ಹೇಳಕ್ಕಾ,” ಎಂದ ಕದರಪ್ಪ. ತನಗಿಂತ ಚಿಕ್ಕವರಿರಲಿ ದೊಡ್ಡವರಿರಲಿ, ಹೆಂಗಸರೆಲ್ಲ ಅವನಿಗೆ ಅಕ್ಕಂದಿರೇ.

“ಕದರಪ್ಪಣ್ಣ, ಬ್ರೇಕ್ ಒತ್ತಿದ್ರೆ ಗಾಡಿ ಎಡಕ್ಕೆ ಎಳೀತಿದೆ. ಆಯಿಲೂ ಇಳಿದಿದೆ.”

“ಎಡಕ್ಕಾ?” ಅವನು ಒಂದು ಗಳಿಗೆ ಯೋಚಿಸಿದ. ಅವನ ಕಡೆ ಯಾವುದೋ ಲಾರಿ ಗುರುಗುಟ್ಟುತ್ತಿತ್ತು. “ಅಂಗಾದ್ರೆ ಇನ್ನೇನಿಲ್ಲ. ಏನಕ್ಕಾ, ಕುಡಿ.”

“ಏನಣ್ಣ?”

“ಕುಡಿ ಅಕ್ಕಾ, ಕುಡಿ! ಏನಕ್ಕಾ ಕುಡಿ! ಮೊದ್ಲು ಅದೇ. ಮಿಕ್ಕಿದ್ದು ಆಮೇಲೆ.”

ನನಗೆ ಕಣ್ಣು ತುಂಬಿಬಂತು. ಬೆಳಗ್ಗೆ ಎದ್ದಾಗಿನಿಂದ ಅಡುಗೆ, ಡಬ್ಬಿ, ಜಡೆ, ಕ್ಲಿನಿಕ್ಕು. ಯಾರೊಬ್ಬರೂ ‘ಒಂದು ಲೋಟ ನೀರು ಕುಡಿ’ ಅಂದವರಿಲ್ಲ. ಅಷ್ಟು ದೂರದ ಪಾವಗಡದಲ್ಲಿ ಗ್ರೀಸು ಮೆತ್ತಿಕೊಂಡು ಕೂತ ಮನುಷ್ಯ ನನ್ನ ದನಿ ಕೇಳಿಯೇ ದಣಿವು ತಿಳಿದ. ಏಕವಚನದಲ್ಲಿ ‘ಕುಡಿ’ ಎಂದದ್ದು ಸ್ವಲ್ಪ ಚುಚ್ಚಿತು. ಆದರೆ ಪಾವಗಡದ ಕನ್ನಡದಲ್ಲಿ ಬಹುವಚನ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಣ್ಣನಾದವನು ತಂಗಿಗೆ ಹಾಗೆ ಅನ್ನದೆ ಇನ್ನು ಹೇಗೆ ಅಂದಾನು?

ಸೀಟಿನ ಕೆಳಗೆ ನನ್ನ ಕಾಫಿ ಇತ್ತು. ನಿದ್ದೆ ಬಾರದಿರಲಿ ಎಂದು ಹಾಲು ಹಾಕದೆ ಗಟ್ಟಿಯಾಗಿ ಕಾಯಿಸಿ ತರುವ ಕಾಫಿ. ಫ್ಲಾಸ್ಕನ್ನು ಮಗಳು ಒಡೆದುಹಾಕಿದ ಮೇಲೆ ಅದನ್ನು ಜೇನುತುಪ್ಪದ ಹಳೇ ಗಾಜಿನ ಸೀಸೆಯಲ್ಲಿ ತರುತ್ತಿದ್ದೆ. ಮುಚ್ಚಳ ತಿರುಗಿಸಿ, ಸೀಸೆಯೆತ್ತಿ, ಗಟಗಟನೆ ಕುಡಿದೆ. ಆರಿ ಕಹಿಯಾಗಿತ್ತು. ಮುಖ ತಾನಾಗಿ ಕಿವುಚಿತು. ಒಂದಿಷ್ಟು ಗದ್ದದ ಮೇಲೆ ಇಳಿಯಿತು.

“ಕುಡಿದೇನಾ ಅಕ್ಕಾ?” ಎಂದು ಫೋನು ಕೇಳಿತು.

“ಕುಡಿದೆ ಅಣ್ಣ.”

“ನಾನ್ ಅಂದ್ಕೊಂಡಂಗೇ ಆಯ್ತು. ಬಿಸಿ ಐತಾ, ತಣ್ಣಗೈತಾ?”

“ತಣ್ಣಗಿದೆ.”

“ಪೂರ್ತಿ ತಣ್ಣಗಾ?”

“ಪೂರ್ತಿ ತಣ್ಣಗೆ ಅಣ್ಣ.” ಇಷ್ಟು ವಿಚಾರಿಸುವವರು ತವರಿನಲ್ಲೂ ಇಲ್ಲ.

“ಸೋರ್ತೈತಾ?”

ಗದ್ದ ಮುಟ್ಟಿಕೊಂಡೆ. ಇವನಿಗೆ ಅದೂ ಹೇಗೆ ಕಂಡಿತು? “ಒಂಚೂರು ಸೋರ್ತು. ಒರೆಸ್ಕೊಂಡೆ.”

“ಒರೆಸಬೇಡಕ್ಕಾ! ಅಂಗೇ ಬುಡಿ. ನಾಳೆ ನಾನೇ ಬಂದು ನೋಡ್ತೀನಿ. ಮಕ್ಳನ್ನ ಮಾತ್ರ ಕೂರಿಸ್ಕೋಬೇಡಿ. ಖಾಲಿ ಗಾಡೀನ ಮೆತ್ತಗೆ ಸೆಕೆಂಡ್ ಗೇರಲ್ಲಿ ಮನೆಗೆ ತಗೊಂಡೋಗಿ.”

ಒರೆಸಬೇಡ ಎಂದದ್ದು ಯಾಕೆಂದು ಯೋಚಿಸುತ್ತ ತಿರುಗಿದರೆ, ನಾಗಕ್ಕ ಆಗಲೇ ಕೆಳಗಿಳಿದು ಹಿಂದಿನ ಬಾಗಿಲು ತೆಗೆದು ನಿಂತಿದ್ದರು. ಅವರ ಕಣ್ಣು ನನ್ನ ಕೈಯ ಸೀಸೆಯ ಮೇಲಿತ್ತು.

“ಇಳೀರ್ಲಾ ಎಲ್ರೂ! ಬ್ಯಾಗ್ ತಗಳ್ರಿ. ಇಳೀರಿ ಅಂದೆ!” ನನ್ನ ಮಗಳ ಕಡೆ ತಿರುಗಿ, “ನೀನೂ ಬಾ ಕಣಮ್ಮ. ನಿನ್ನ ಯಾಕ್ ಬುಡಾನ?”

ಕದರಪ್ಪ ಹೇಳಿದ್ದನ್ನು ಕೇಳಿಸಿಕೊಂಡು ಇಳಿಸುತ್ತಿದ್ದಾರೆ ಎಂದುಕೊಂಡೆ. ಎಂಥಾ ತಿಳಿವಳಿಕಸ್ಥೆ! ಅಷ್ಟರಲ್ಲಿ ಬಸ್ಸು ಬಂತು, ಕೈ ತೋರಿಸಿ ಎಲ್ಲರನ್ನೂ ಹತ್ತಿಸಿದರು. ನಾನು ಸೀಸೆ ಹಿಡಿದ ಕೈಯಲ್ಲೇ ಟಾಟಾ ಮಾಡಿದೆ.

ಬಸ್ಸು ನನಗಿಂತ ಬಹಳ ಮೊದಲೇ ಊರು ಸೇರಿತು. ಬಸ್ಸಿನ ಜೊತೆ ಸುದ್ದಿಯೂ ಸೇರಿತು. ನಾನು ಸೆಕೆಂಡ್ ಗೇರಿನಲ್ಲಿ ಮದುವೆಯ ಮೆರವಣಿಗೆಯಂತೆ ಬಂದೆ. ಊರ ಬಾಗಿಲಲ್ಲಿ ಹಂಪು, ಬ್ರೇಕು, ಎಡಕ್ಕೆ. ಮುಂದೆ ಒಂದು ಕೋಳಿ, ಬ್ರೇಕು, ಎಡಕ್ಕೆ. ಯಾರದೋ ಸೌದೆ ರಾಶಿಗೆ ತಾಗುವಂತೆ ನಿಂತು, ಹಿಂದಕ್ಕೆ ತೆಗೆದು, ಮತ್ತೆ ಹೊರಟೆ. ಜಗಲಿಯ ಮೇಲಿದ್ದವರೆಲ್ಲ ಎದ್ದು ನಿಂತಿದ್ದರು.

“ಓಯ್ತದೆ ಓಯ್ತದೆ, ಎತ್ಲಾಗ್ ಓಯ್ತದೆ ನೋಡ್ಲಾ!”

“ಪಾಪ, ಗಂಡನ್ ಕಾಟ ಇರಬೈದು ಬುಡು.”

ಹೆಂಗಸೊಬ್ಬಳು ಬೀದಿಯಲ್ಲಿ ಆಡುತ್ತಿದ್ದ ಕೂಸನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನನ್ನ ಬ್ರೇಕಿನ ಕಷ್ಟ ಊರಿಗೆಲ್ಲ ಇಷ್ಟು ಬೇಗ ಅರ್ಥವಾಯಿತಲ್ಲ ಎಂದು ನಾನು ಎಲ್ಲರಿಗೂ ಹಲ್ಲು ಬಿಡುತ್ತ ಬಂದೆ. ಅದು ನನ್ನ ಕೇಸನ್ನು ಇನ್ನಷ್ಟು ಕೆಡಿಸಿತು ಎಂದು ಆಮೇಲೆ ತಿಳಿಯಿತು.

ನನ್ನ ಗಂಡ ಯೋಗೀಶ ಕರೆಂಟಿನ ಲೈನ್‌ಮನ್. ಡ್ಯೂಟಿ ಮುಗಿಸಿ ಬಂದವನು ಚಪ್ಪಲಿಯನ್ನೂ ಬಿಡದೆ ನನ್ನ ಎದುರು ನಿಂತ.

“ಎಲ್ಲಿ, ಉಫ್ ಅನ್ನು.”

“ಯಾಕೆ?”

“ಅನ್ನೇ ಸುಮ್ನೆ.”

ಉಫ್ ಎಂದೆ. ಮೂಸಿ ನೋಡಿದ. “ಕಾಪಿ.”

“ಮತ್ತಿನ್ನೇನು?”

“ಅದೇನ್ ಕಥೆಯೋ. ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಜನ ಹಿಡ್ಕೊಂಡು ಸಮಾಧಾನ ಹೇಳಿದ್ರು ಕಣೆ ನಂಗೆ. ‘ಬೇಜಾರ್ ಮಾಡ್ಕೋಬೇಡ ಯೋಗೀಶಣ್ಣ, ಈಗೀಗ ಇದೆಲ್ಲ ಇದ್ದಿದ್ದೇ, ಬುಡಿಸೋದಕ್ಕೆ ಮದ್ದದೆ’ ಅಂತ. ಒಬ್ಬನಂತೂ ಮದ್ದು ಕೊಡೋರ ನಂಬರ್ರೂ ಕೊಟ್ಟ.”

ವಿಷಯ ಪೂರ್ತಿ ತಿಳಿದಾಗ ನಾನು ಕೂತುಬಿಟ್ಟೆ. ಮೆಕ್ಯಾನಿಕ್ಕು ಫೋನಿನಲ್ಲಿ ‘ಕುಡಿ’ ಎಂದನಂತೆ, ನಾನು ಸೀಟಿನ ಕೆಳಗಿಂದ ಸೀಸೆ ತೆಗೆದು ಎತ್ತಿದೆನಂತೆ, ‘ಕುಡಿದೆ’ ಎಂದು ಒಪ್ಪಿಕೊಂಡೆನಂತೆ. ನಾಗಕ್ಕ ಒಂದು ಮಾತನ್ನೂ ಸೇರಿಸಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದ್ದರು. ನಿಜ ಹೇಳುವವರ ಸುಳ್ಳನ್ನು ಬಿಡಿಸುವುದು ಬಹಳ ಕಷ್ಟ.

“ನಾಳೆ ಬೆಳಿಗ್ಗೆ ಸಂಘದೋರು ಸೇರ್ತಾರಂತೆ,” ಎಂದ ಯೋಗೀಶ. “ಸೋಮವಾರದಿಂದ ಮಕ್ಕಳನ್ನ ನಿನ್ನ ಗಾಡಿಗೆ ಹತ್ತಿಸೋದೋ ಬ್ಯಾಡ್ವೋ ಅಂತ ತೀರ್ಮಾನ ಮಾಡ್ತಾರಂತೆ.”

ಭಾನುವಾರ ಬೆಳಗ್ಗೆ ನಾಗಕ್ಕನ ಮನೆಯ ಮುಂದೆ, ಕುರಿರೊಪ್ಪದ ಪಕ್ಕದಲ್ಲಿ, ಹೆಂಗಸರೆಲ್ಲ ಸೇರಿದರು. ಯೋಗೀಶನೂ ಮಗಳೂ ನನ್ನ ಜೊತೆ ಬಂದರು, ಕಾರನ್ನೂ ಅಲ್ಲಿಗೇ ತಂದು ನಿಲ್ಲಿಸಬೇಕಾಯಿತು. ಕದರಪ್ಪ ಅಲ್ಲಿಗೇ ಬರುವವನಿದ್ದ. ರಾಮಾಂಜಿನಮ್ಮ ಬಾಗಿಲ ಬಳಿ ಹಾಲಿನ ತಂಬಿಗೆ ಹಿಡಿದು ನಿಂತಿದ್ದಳು. ಅವಳ ಮುಖ ಒಂಥರಾ ಊದಿಕೊಂಡಿತ್ತು. ಪಾಪ, ಅಳು ತಡೆಯುತ್ತಿದ್ದಾಳೆ ಎಂದುಕೊಂಡೆ.

“ನಾಗಕ್ಕ, ಅದು ಕಾಫಿ,” ಎಂದೆ ನಾನು.

“ಕಾಪೀನ ಯಾರಾನ ಸೀಸೇಲಿ ಕುಡೀತಾರೇನವ್ವಾ? ಮೂತೀನ ಇಂಗ್ ಮಾಡ್ಕೊಂಡು?” ನಾಗಕ್ಕ ನನ್ನ ಮುಖ ಕಿವುಚಿದ್ದನ್ನು ಮಾಡಿ ತೋರಿಸಿದರು. ಎಷ್ಟು ಚೆನ್ನಾಗಿ ಮಾಡಿದರೆಂದರೆ ನನ್ನ ಮಗಳೇ ಕಿಸಕ್ಕೆಂದಳು.

“ಹಾಲಿಲ್ಲದ ಕಾಫಿ, ಕಹಿ ಇತ್ತು.”

“ದಿನಾ ನಿನ್ ಕೈಯೆಲ್ಲ ಗಮ್ ಅಂತದಲ್ಲ, ಅದು?”

“ಅದು ಸ್ಪಿರಿಟ್ಟು. ನಾನು ನರ್ಸು ನಾಗಕ್ಕ, ಸೂಜಿ ಚುಚ್ಚೋಕೆ ಮುಂಚೆ ಒರೆಸ್ತೀವಿ.”

“ಸ್ಪಿರಿಟ್ಟಂತೆ!” ಎಂದರು ನಾಗಕ್ಕ ಸಭೆಯ ಕಡೆ ತಿರುಗಿ, ನಾನೇ ಸಾಕ್ಷಿ ಹೇಳಿದೆನೆಂಬಂತೆ. “ಆಯ್ತು ಕಣಮ್ಮ, ವಾಸ್ನೆ ಬುಡು. ಊರೊಳಕ್ ಬರೋವಾಗ ಗಾಡಿ ಓಲಾಡ್ತಾ ಬಂದಿದ್ದ ಊರೆಲ್ಲ ನೋಡೈತೆ. ಅದ್ಕೇನಂತೀಯ?”

ಆಗ ರೊಪ್ಪದ ಬೇಲಿಗೆ ಒರಗಿದ್ದ ಕ್ಯಾತಣ್ಣ ಗಂಟಲು ಸರಿ ಮಾಡಿಕೊಂಡರು. ಅವರು ಸಭೆಯಲ್ಲಿ ಮಾತಾಡಿದ್ದನ್ನು ಯಾರೂ ಕಂಡವರಿಲ್ಲ.

“ಅದು ಕುಡ್ದೋರ್ ಗಾಡಿ ಅಲ್ಲ ಕಣೇ,” ಎಂದರು. “ಕುಡ್ದೋನಾದ್ರೆ ಎಡಕ್ಕೊಂದ್ ಸತಿ, ಬಲಕ್ಕೊಂದ್ ಸತಿ ಓಯ್ತಾನೆ. ನಡೂಕೊಂದ್ ಸತಿ ಸರಿಯಾಗೂ ಓಯ್ತಾನೆ. ಈವಮ್ಮ ಬರೀ ಎಡಕ್ಕೇ ಓದ್ಲು. ಸೌದೆ ರಾಶಿನೂ ಎಡಕ್ಕೇ, ಕೋಳಿಗೂ ಎಡಕ್ಕೇ. ಅಷ್ಟೊಂದ್ ನಿಯತ್ತು ಕುಡ್ದೋರ್ಗೆ ಇರಲ್ಲ.”

ಮಾತಿನಲ್ಲಿ ನ್ಯಾಯವಿತ್ತು. ನಾಗಕ್ಕ ಮೆಲ್ಲಗೆ ಗಂಡನ ಕಡೆ ತಿರುಗಿದರು.

“ನಿಂಗ್ ಹೆಂಗ್ ಗೊತ್ತು?”

ಕ್ಯಾತಣ್ಣ ಬೇಲಿಯ ಮೇಲಿಂದ ಕೈ ತೆಗೆದರು. “ಕುರಿ ಕಾಯ್ತಾ ರಸ್ತೆ ಪಕ್ದಾಗೇ ಇರ್ತೀನಲ್ಲ. ಜನಾನ ನೋಡಿವ್ನಿ.”

“ನಡೂಕೊಂದ್ ಸತಿ ಸರಿಯಾಗ್ ಓಯ್ತಾನೆ ಅನ್ನೋದೂ ನೋಡಿದ್ದೇ?”

“ಕುರಿಗೆ ನೀರ್ ಕುಡಿಸ್ಬೇಕು,” ಎಂದು ಕ್ಯಾತಣ್ಣ ಎರಡು ಹೆಜ್ಜೆ ಹಿಂದೆ ಸರಿದರು. ಅವರ ವಿಚಾರಣೆ ಬೇರೆಯಾಗಿ ನಡೆಯಲಿದೆ ಎಂದು ಎಲ್ಲರಿಗೂ ತಿಳಿಯಿತು.

ಅಷ್ಟರಲ್ಲಿ ಕದರಪ್ಪನ ಬೈಕು ಬಂತು. ಹಿಂದೆ ಸಾಮಾನಿನ ಚೀಲ. ಇಷ್ಟು ಹೆಂಗಸರು ತನ್ನನ್ನೇ ನೋಡುತ್ತಿರುವುದನ್ನು ಕಂಡು, ಹಳ್ಳಿಯಲ್ಲಿ ಮೆಕ್ಯಾನಿಕ್ಕಿಗೆ ಎಂಥಾ ಮರ್ಯಾದೆ ಎಂದುಕೊಂಡನೋ ಏನೋ, ಕೈ ಮುಗಿದ. ಆಮೇಲೆ ನನ್ನ ಕಡೆ ತಿರುಗಿ, ಊರಿಗೆಲ್ಲ ಕೇಳುವಂತೆ,

“ಏನಕ್ಕಾ ಕುಡಿದೇ ಕದಾ?” ಎಂದ.

“ಕೇಳುದ್ರಾ!” ನಾಗಕ್ಕ ಎದ್ದೇಬಿಟ್ಟರು. “ಎದುರ್ಗೇ ನಿಂತ್ಕಂಡ್ ಕೇಳ್ತಾವ್ನೆ! ಏನಯ್ಯಾ, ಹೆಣ್ಣೆಂಗುಸ್ರಿಗೆ ಕುಡಿ ಕುಡಿ ಅಂತ ಹೇಳ್ಕೊಡಾಕೆ ನಾಚ್ಕೆ ಆಗಕಿಲ್ವಾ ನಿಂಗೆ? ತಗಂಡ್ ಬಾರೇ ಕೋಲ!”

“ಅಯ್ಯೋ ದೇವುಡಾ, ಏನ್ ತಪ್ಪಾಯ್ತಮ್ಮ?” ಕದರಪ್ಪ ಕಂಗಾಲಾದ. ಕಾರಿನ ಹಿಂದೆ ಓಡಿಹೋಗಿ ಬಲಗಡೆಯ ಚಕ್ರವನ್ನು ಅಂಗೈಯಿಂದ ಪಟಪಟನೆ ಬಡಿದ. “ಕುಡಿ ಅಮ್ಮಾ, ಕುಡಿ! ಇದು! ವೆನಕ ಕುಡಿ!”

ಬಾಗಿಲ ಬಳಿ ತಂಬಿಗೆ ಟಣಾರೆಂದು ಬಿತ್ತು. ರಾಮಾಂಜಿನಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆ ಹಿಡಿದು ನಗುತ್ತಿದ್ದಳು. ನಗು ಸೆರಗಿನ ಎರಡೂ ಕಡೆಯಿಂದ ಹೊರಗೆ ಬರುತ್ತಿತ್ತು.

“ಏನಾಯ್ತೇ ನಿಂಗೆ?” ಎಂದು ನಾಗಕ್ಕ ಗದರಿದರು.

“ಅತ್ತೆ, ತೆಲುಗಲ್ಲಿ ಬಲಗಡೆಗೆ ಕುಡಿ ಅಂತಾರೆ. ವೆನಕ ಅಂದ್ರೆ ಹಿಂದೆ. ವೆನಕ ಕುಡಿ ಅಂದ್ರೆ ಹಿಂದಿನ ಬಲಗಡೆ ಚಕ್ರ.” ಅವಳು ಉಸಿರು ಎಳೆದುಕೊಂಡಳು. “ಆವಣ್ಣ ‘ವೆನಕ’ ಅಂದಿದ್ದು ಈವಕ್ಕಂಗೆ ‘ಏನಕ್ಕ’ ಅಂತ ಕೇಳೈತೆ.”

“ಮತ್ತೆ ‘ಕುಡಿದೇನಾ’ ಅಂದ್ನಲ್ಲ?”

“ಬಲಗಡೇದೇನಾ ಅಂತ.”

“ಇವ್ಳು ‘ಕುಡಿದೆ’ ಅಂದ್ಲಲ್ಲ?”

“ಬಲಗಡೇದೇ ಅಂತ ಅರ್ಥ ಮಾಡ್ಕೊಂಡವ್ನೆ, ಪಾಪ.”

ಕದರಪ್ಪ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. “ಅಂಗಾದ್ರೆ ನೀವು ಡ್ರಮ್ ಮುಟ್ಟಿ ನೋಡ್ಲಿಲ್ವಾ ಅಕ್ಕಾ? ಬ್ರೇಕ್ ಹಿಡಿಯೋ ಚಕ್ರ ಬಿಸಿಯಾಗ್ತೈತೆ, ಹಿಡೀದೇ ಇರೋದು ತಣ್ಣಗಿರ್ತೈತೆ. ತಣ್ಣಗಿದೆ ಅಂದ್ರಿ?”

“ಕಾಫಿ ತಣ್ಣಗಿತ್ತು.”

“ಸೋರ್ತೈತೆ ಅಂದ್ರಿ?”

“ಗದ್ದದ ಮೇಲೆ.”

“ಅದ್ನ ನಂಬ್ಕೊಂಡು ನಾನು ಬಲಗಡೆ ಸಿಲಿಂಡರ್ರು, ಲೈನರ್ರು ಎಲ್ಲ ತಂದ್ಬುಟ್ಟೆನಲ್ಲಕ್ಕಾ!” ಎಂದು ಅವನು ಚೀಲ ಹಿಡಿದು ಅಲ್ಲೇ ಕುಕ್ಕರಿಸಿದ.

ಹೆಂಗಸರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ನಾಗಕ್ಕ ಮಾತ್ರ ನಗಲಿಲ್ಲ. ಸೊಸೆಯನ್ನು ದಿಟ್ಟಿಸಿ, “ರಾತ್ರಿ ಉಣ್ಣೋವಾಗ ನಾನು ಈ ಕಥೇನೆಲ್ಲ ಹೇಳಿದ್ನಲ್ಲ. ಆವಾಗ್ಲೇ ಗೊತ್ತಾಯ್ತಾ ನಿಂಗೆ?” ಎಂದರು.

“ಆಯ್ತು.”

“ಮತ್ಯಾಕ್ ಬಾಯಿ ಬುಡ್ಲಿಲ್ಲ?”

“ನೀವೇ ಹೇಳಿದ್ದೀರಲ್ಲತ್ತೆ. ನಾನು ಫೋನಲ್ಲಿ ನಮ್ಮಮ್ಮನ ಜೊತೆ ಮಾತಾಡ್ತಿದ್ರೆ, ‘ನನ್ ಮೇಲೆ ಚಾಡಿ ಹೇಳ್ತಿದ್ದೀಯ, ಈ ಮನೇಲಿ ಇನ್ಮೇಲೆ ತೆಲುಗು ಎತ್ತಂಗಿಲ್ಲ’ ಅಂತ.” ರಾಮಾಂಜಿನಮ್ಮ ಬಲು ವಿಧೇಯಳಾಗಿ ತಲೆ ತಗ್ಗಿಸಿದಳು. “ಅದ್ಕೇ ಎತ್ಲಿಲ್ಲ.”

ಇಂಥ ಸೊಸೆಯನ್ನು ಅಳುಮುಂಜಿ ಎಂದುಕೊಂಡಿದ್ದೆನಲ್ಲ ನಾನು!

ನಾಗಕ್ಕ ಸೆರಗು ಕಟ್ಟಿ, “ಆಯ್ತು. ಮಾತಿನ್ ಗಂಟು ಬಿಚ್ಚಿತು. ಗಾಡೀದು?” ಎಂದರು. “ನೀನು ಕುಡೀಲಿಲ್ಲ ಅಂತ ಒಪ್ಕೊಂಡೆ ಕಣಮ್ಮ. ಆದ್ರೆ ಕುಡೀದೇ ಇರೋಳ್ ಗಾಡೀನೂ ಬೇಲಿಗ್ ನುಗ್ಗುದ್ರೆ ಮಕ್ಳ ಗತಿ ಒಂದೇ. ಬ್ರೇಕ್ ಸರಿಯಾಗ್ಲಿ, ಆಮೇಲ್ ನೋಡಾನ.”

ಪೊದೆಗೆ ನುಗ್ಗಿದಾಗ ಹಿಂದಿನ ಸೀಟಿನಲ್ಲಿ ನನ್ನ ಮಗಳೂ ಇದ್ದಳು.

ಕದರಪ್ಪ ಜಾಕಿ ಕೊಟ್ಟು ಚಕ್ರ ಬಿಚ್ಚಿದ. ಡ್ರಮ್ಮು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಸುತ್ತಿಗೆಯಲ್ಲಿ ಸುತ್ತಲೂ ತಟ್ಟಿದ, ತೆಲುಗಿನಲ್ಲಿ ಏನೇನೋ ಬೈದ. ಪ್ರತಿ ಬೈಗುಳಕ್ಕೂ ಎಲ್ಲರೂ ರಾಮಾಂಜಿನಮ್ಮನ ಮುಖ ನೋಡಿದರು. ಅವಳು “ಅದು ಬ್ಯಾಡ” ಎಂದು ಕೈಯಾಡಿಸಿದಳು. ಕೊನೆಗೆ ಡ್ರಮ್ಮು ಈಚೆ ಬಂತು. ಒಳಗೆಲ್ಲ ಎಣ್ಣೆಯೆಣ್ಣೆ. ಚಕ್ರದ ಸಿಲಿಂಡರು ಸೋರಿ, ಡ್ರಮ್ಮನ್ನು ಒತ್ತಿ ಹಿಡಿಯಬೇಕಾದ ಲೈನರಿನ ಮೇಲೆಲ್ಲ ಆಯಿಲು ಇಳಿದಿತ್ತು. ಎಣ್ಣೆ ಹಚ್ಚಿದ ಕೈಯಲ್ಲಿ ಕಂಬ ಹಿಡಿದ ಹಾಗೆ, ಬಲಗಡೆ ಜಾರುತ್ತಿತ್ತು. ಎಡಗಡೆಯದೊಂದೇ ಹಿಡಿಯುತ್ತಿತ್ತು. ಗಾಡಿ ಎಡಕ್ಕೆ ಎಳೆಯದೆ ಇನ್ನೆಲ್ಲಿಗೆ ಹೋದೀತು? ನನ್ನ ಆರಿದ ಕಾಫಿ ಸರಿಯಾಗಿಯೇ ಹೇಳಿತ್ತು.

ಹೊಸ ಸಿಲಿಂಡರು ಕೂತಿತು, ಹೊಸ ಲೈನರು ಕೂತಿತು. ಇನ್ನು ಪೈಪಿನೊಳಗೆ ಸೇರಿದ ಗಾಳಿ ತೆಗೆಯಬೇಕು. ಒಬ್ಬರು ಒಳಗೆ ಕೂತು ಬ್ರೇಕು ತುಳಿಯಬೇಕು, ಕದರಪ್ಪ ಕೆಳಗೆ ಸಣ್ಣ ತಿರುಪು ಸಡಿಲಿಸಿ ಗಾಳಿ ಬಿಡಬೇಕು. ನಾನು ಬಾಗಿಲು ತೆಗೆಯುವಷ್ಟರಲ್ಲಿ ನಾಗಕ್ಕ ಡ್ರೈವರ್ ಸೀಟಿನಲ್ಲಿ ಕೂತಾಗಿತ್ತು.

“ಯಾವ್ದು ತುಳೀಬೇಕು?”

“ನಡೂದು ನಾಗಕ್ಕ.”

“ಒತ್ತಿ... ಇಟ್ಕೊಳ್ಳಿ... ಬುಡಿ!” ಎಂದು ಕೆಳಗಿಂದ ಕದರಪ್ಪ. ನಾಗಕ್ಕ ರಾಗಿ ಒಕ್ಕಣೆಯವರಂತೆ ತುಳಿದರು. ಮೊದಲು ನೊರೆ ಬಂತು, ಆಮೇಲೆ ಗುಳ್ಳೆ, ಆಮೇಲೆ ಬರೀ ಆಯಿಲು.

“ಈಗ ಕಾಲಿಗೆ ಗಟ್ಟಿ ಸಿಕ್ತೈತಾ?”

“ನೆಲ ಸಿಕ್ದಂಗೈತೆ ಕಣಯ್ಯ,” ಎಂದರು ನಾಗಕ್ಕ.

ಕೆಲಸ ಮುಗಿಯಿತೆಂದು ನಾನು ಚಕ್ರ ಒರೆಸಲು ಬಟ್ಟೆ ಹುಡುಕುತ್ತಿದ್ದೆ. ತಲೆಯೆತ್ತಿದರೆ ನಾಗಕ್ಕ ಮನೆಯ ಮುಂದಿನ ಮಣ್ಣಿನ ರಸ್ತೆಯ ಆ ತುದಿಯಲ್ಲಿ, ನಟ್ಟನಡುವೆ, ಎರಡೂ ಕೈ ಸೊಂಟಕ್ಕಿಟ್ಟು ನಿಂತಿದ್ದಾರೆ.

“ಬಾ!” ಎಂದು ಕೂಗಿದರು.

“ಏನ್ ನಾಗಕ್ಕ?”

“ಗಾಡಿ ತಗಂಡ್ ಬಾ. ಬಂದು ಬ್ರೇಕ್ ಹಾಕು. ನೆಟ್ಟಗ್ ನಿಂತ್ರೆ ಮಕ್ಳು ಹತ್ತಲಿ.”

“ಪಕ್ಕಕ್ಕೆ ಬನ್ನಿ ನಾಗಕ್ಕ! ಯಾರಾದ್ರೂ ಹಿಂಗೆ ಮಾಡ್ತಾರಾ?”

“ಮೊಮ್ಮಗೀನ ಕೂರಿಸೋ ಗಾಡಿ. ನಾನ್ ನಿಂತ್ಕೊಂಡ್ ನೋಡ್ದೆ ಇನ್ಯಾರ್ ನೋಡ್ತಾರೆ? ಬಾ!”

ಕ್ಯಾತಣ್ಣನ ಕಡೆ ನೋಡಿದೆ. “ನೀವಾದ್ರೂ ಹೇಳಿ ಕ್ಯಾತಣ್ಣ.”

“ಬಾ ಅಂತಾವಳಲ್ಲ, ಓಗವ್ವ,” ಎಂದರು ಕ್ಯಾತಣ್ಣ, ದನಿಯಲ್ಲಿ ಅಂಥ ದುಃಖವೇನೂ ಇಲ್ಲದೆ.

ಕದರಪ್ಪ ತಾನು ಹಾಕಿದ ಬ್ರೇಕಿನ ಮೇಲೆ ತನಗೇ ನಂಬಿಕೆ ಸಾಲದವನಂತೆ ಗುಂಡಿಗೆ ಹಿಡಿದುಕೊಂಡ. ನಾನು ಕೂತೆ. ಮೆತ್ತಗೆ ಹೊರಟು, ಅಷ್ಟು ದೂರದಲ್ಲೇ ಬ್ರೇಕು ಒತ್ತಿದೆ. ಕಾರು ನೆಟ್ಟಗೆ ನಿಂತಿತು.

ನಾಗಕ್ಕ ತಲೆಯಾಡಿಸಿದರು. “ಇಷ್ಟ್ ಮೆತ್ತಗ್ ಬಂದ್ರೆ ಎತ್ತಿನ್ ಗಾಡೀನೂ ನಿಂತ್ಕಂತದೆ. ಇಂದಕ್ಕೋಗು. ನಿನ್ನೆ ಕುರಿ ಅಡ್ಡ ಬಂದಾಗ ಹೆಂಗ್ ಬತ್ತಿದ್ದೆ, ಅಂಗ್ ಬಾ.”

ಹಿಂದಕ್ಕೆ ಹೋದೆ. ರಸ್ತೆಯ ಎಡಗಡೆ ಊರಿನ ಅಷ್ಟೂ ಹೆಂಗಸರು ಸಾಲಾಗಿ ನಿಂತಿದ್ದರು. ಕ್ಯಾತಣ್ಣ ಕಿರುಚಿದರು: “ಎಡಗಡೆ ಯಾರೂ ನಿಂತ್ಕೋಬ್ಯಾಡ್ರೇ, ಬಲಕ್ ಬನ್ರಿ!” ಸಾಲೆಲ್ಲ ದಡದಡನೆ ಬಲಕ್ಕೆ ಓಡಿತು. ಮಗಳು ಅವರ ನಡುವೆ ನಿಂತು ನನ್ನನ್ನೇ ನೋಡುತ್ತಿದ್ದಳು. ಗೇರು ಹಾಕಿದೆ. ಕಾರು ಓಡಿತು. ನಾಗಕ್ಕ ದೊಡ್ಡದಾಗುತ್ತ ಬಂದರು. ಅವರ ಮೂಗುಬೊಟ್ಟು ಕಂಡಿತು. ಕಣ್ಣು ಮುಚ್ಚಿದ್ದರೋ ತೆರೆದಿದ್ದರೋ ಹೇಳಲಾರೆ, ಯಾಕೆಂದರೆ ಆ ಕ್ಷಣಕ್ಕೆ ನಾನೇ ಕಣ್ಣು ಮುಚ್ಚಿದ್ದೆ. ಇದ್ದಬದ್ದ ಶಕ್ತಿಯೆಲ್ಲ ಸೇರಿಸಿ ಬ್ರೇಕು ಒತ್ತಿದೆ.

ಕರ್ರೆಂದು ಮಣ್ಣು ಕೊರೆದು ಕಾರು ನಿಂತಿತು. ಧೂಳು ಎದ್ದು, ಕಾರನ್ನು ದಾಟಿ, ನಾಗಕ್ಕನನ್ನು ಮುಚ್ಚಿತು.

ಧೂಳು ಇಳಿದಾಗ ನಾಗಕ್ಕ ಅಲ್ಲೇ ಇದ್ದರು. ಬಾನೆಟ್ಟಿಗೂ ಅವರಿಗೂ ನಡುವೆ ಒಂದು ಕುರಿಮರಿ ಮಲಗುವಷ್ಟು ಜಾಗ. ಅವರು ಬಗ್ಗಿ ಕಾರಿನ ಹಿಂದಿನವರೆಗೂ ಮಣ್ಣಿನ ಮೇಲಿನ ಚಕ್ರದ ಗೆರೆ ನೋಡಿದರು. ಎರಡು ಗೆರೆಯೂ ಬೈತಲೆ ತೆಗೆದ ಹಾಗೆ ನೆಟ್ಟಗಿದ್ದವು. ಕೆಮ್ಮಿದರು. ಮುಖದ ಧೂಳನ್ನು ಸೆರಗಿನಿಂದ ಒರೆಸಿಕೊಂಡರು. ನಡೆದು ನನ್ನ ಕಿಟಕಿಯ ಬಳಿ ಬಂದರು.

“ನಾಳೆ ಎಷ್ಟೊತ್ಗೆ ಕಳ್ಸಾನ ಮಕ್ಳನ್ನ?” ಎಂದರು.

“ಯಾವತ್ತಿನ ಹೊತ್ತಿಗೇ ನಾಗಕ್ಕ.”

“ಸರಿ.” ಎರಡು ಹೆಜ್ಜೆ ಹೋದವರು ತಿರುಗಿದರು. “ಇನ್ನ ಬುಡವ್ವ ಬ್ರೇಕ, ನಿಂತಾಯ್ತಲ್ಲ.”

ಬಿಡಬೇಕೆಂದು ನನಗೂ ಇತ್ತು. ಕಾಲೇ ಬರಲಿಲ್ಲ. ಕೊನೆಗೆ ಯೋಗೀಶ ಬಂದು ಬಗ್ಗಿ, ನನ್ನ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿ ಈಚೆಗಿಟ್ಟ.